ರಸ್ತೆಗೆ ಬಂದ ಅಡಿಗೆಮನೆ

ಕಾಲೇಜುಗಳಲ್ಲಿ ಆಟದ ಮೇಷ್ಟರಾಗಿ ಹೊಸದಾಗಿ ಸೇರಿದ ಹುಡುಗರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಗೋಡೆಯ ಮೇಲಿನ ಹಳೆಯ ಗುಂಪು ಫೋಟೋ ನೋಡಿ, "ಸಾರ್, ನಿಮ್ಮ ಕಾಲದಲ್ಲಿ ಫುಟ್‌ಬಾಲ್ ಟೀಮು ಹೇಗಿತ್ತು?" ಎಂದು ಕೇಳುತ್ತಾರೆ. ಮೈದಾನದಲ್ಲಿ ಚೆನ್ನಾಗಿಯೇ ಇತ್ತು ಎನ್ನುತ್ತೇನೆ. ಆದರೆ ಮೈದಾನದಲ್ಲಿ ಅವರು ಇರುತ್ತಿದ್ದದ್ದು ದಿನಕ್ಕೆ ಒಂದೂವರೆ ಗಂಟೆ. ಉಳಿದ ಹೊತ್ತು ಊರಿನಲ್ಲಿರುತ್ತಿದ್ದರು. ನನ್ನ ಉದ್ಯೋಗ ನಿಜವಾಗಿ ನಡೆಯುತ್ತಿದ್ದದ್ದು ಆ ಉಳಿದ ಹೊತ್ತಿನಲ್ಲಿ.

ಐವತ್ತರ ದಶಕದ ನಡುವೆ ನಾನು ಕೆಲಸಕ್ಕೆ ಸೇರಿದಾಗ ರಾಜಾಜಿನಗರ ನಕ್ಷೆಯಲ್ಲಿ ಹೆಚ್ಚು, ನೆಲದ ಮೇಲೆ ಕಡಿಮೆ ಇತ್ತು. ಅಡ್ಡರಸ್ತೆಗಳಿಗೆ ಸಂಖ್ಯೆ ಬಂದಿತ್ತು, ರಸ್ತೆ ಬಂದಿರಲಿಲ್ಲ. ನಮ್ಮ ಕಾಲೇಜು ಒಂದು ಬಾಡಿಗೆ ಕಟ್ಟಡದಲ್ಲಿತ್ತು. ಅದರ ಹಿಂದೆ ಸೈಟುಗಳಾಗಿ ವಿಂಗಡಿಸಿದ್ದ ಖಾಲಿ ಬಯಲೇ ನಮ್ಮ ಮೈದಾನ. ಅಲ್ಲಿ ಬೆಳಿಗ್ಗೆ ಹಸು, ಮಧ್ಯಾಹ್ನ ಅಗಸರ ಕತ್ತೆಗಳು, ಸಂಜೆ ನಾವು.

ನಾನು ತರಬೇತಿ ಪಡೆದದ್ದು ಲೇಜಿಮ್, ಡಂಬೆಲ್ಸ್ ಮತ್ತು ಮಲ್ಲಕಂಬದಲ್ಲಿ. ಫುಟ್‌ಬಾಲ್ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಚೆಂಡು ದುಂಡಗಿರುತ್ತದೆ ಎನ್ನುವುದಷ್ಟೇ. ಮೊದಲ ಪಂದ್ಯದಲ್ಲಿ ಎದುರಾಳಿಗಳು ಗೋಲು ಹಾಕಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ವಿರಾಮದ ನಂತರ ತಂಡಗಳು ದಿಕ್ಕು ಬದಲಾಯಿಸುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಹುಡುಗರು ಅದನ್ನು ನನ್ನ ದೊಡ್ಡ ಮನಸ್ಸು ಎಂದುಕೊಂಡರು. ನಾನೂ ತಿದ್ದಲಿಲ್ಲ.

ಹುಡುಗರಲ್ಲಿ ಮೂವರ ಹೆಸರು ಹೇಳಿದರೆ ಸಾಕು. ಕ್ಯಾಪ್ಟನ್ ಶಿವಲಿಂಗಪ್ಪ ದಾವಣಗೆರೆ ಕಡೆಯ ವ್ಯಾಪಾರಿ ಮನೆತನದವನು. ಹಣೆಗೆ ವಿಭೂತಿ ಹಚ್ಚದೆ ಮೈದಾನಕ್ಕೆ ಇಳಿಯುತ್ತಿರಲಿಲ್ಲ. ಮುಂದೆ ನಿಂತು ಗೋಲು ಹೊಡೆಯುತ್ತಿದ್ದವನು ಶ್ರೀರಾಮಪುರದ ಸೆಲ್ವರಾಜ್. ಕನ್ನಡವನ್ನೂ ತಮಿಳನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದ. ಗೋಲ್‌ಕೀಪರ್ ಮುನಿಯಪ್ಪ ಹೇರೋಹಳ್ಳಿಯ ರೈತರ ಮಗ. ಆ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಎತ್ತರದ ಆಳು, ಅಗಲವಾದ ಕೈ. ಸುಳ್ಳು ಹೇಳಲು ಬರುತ್ತಿರಲಿಲ್ಲ. ನಿಜ ಹೇಳಿದರೂ ಯಾರಿಗೂ ನಂಬಿಕೆ ಬರುತ್ತಿರಲಿಲ್ಲ.

ಇವರೆಲ್ಲರ ಮೇಲೆ ಪ್ರಿನ್ಸಿಪಾಲ್ ನರಸಿಂಹಮೂರ್ತಿಗಳು. ಕ್ಲೋಸ್ ಕೋಟು, ಜರಿಪೇಟ, ಕೈಯಲ್ಲಿ ಕೊಡೆ. ತರ್ಕಶಾಸ್ತ್ರದ ಪಾಠ ಹೇಳುತ್ತಿದ್ದರು. ಅವರಿಗೆ ಆಟವೆಂದರೆ ತಾತ್ಸಾರವೇನೂ ಇರಲಿಲ್ಲ, ಅದರ ಕಾರಣ ಮಾತ್ರ ಅರ್ಥವಾಗುತ್ತಿರಲಿಲ್ಲ. "ಚೆಂಡು ಒಂದೇ ಇದ್ದರೆ ತಾನೆ ಈ ಜಗಳ? ಇನ್ನೊಂದು ತರಿಸಿಕೊಡಿ," ಎಂದು ಒಮ್ಮೆ ನನಗೆ ಗಂಭೀರವಾಗಿಯೇ ಹೇಳಿದ್ದರು. ಕಾಲೇಜಿನ ಶಿಸ್ತು ಸಮಿತಿಗೆ ಅವರೇ ಅಧ್ಯಕ್ಷರು. ಸದಸ್ಯರು ಗಣಿತದ ವಯಸ್ಸಾದ ಪ್ರೊಫೆಸರೊಬ್ಬರು. ಸಭೆ ಶುರುವಾದ ಐದು ನಿಮಿಷಕ್ಕೆ ಅವರಿಗೆ ನಿದ್ದೆ ಹತ್ತುತ್ತಿತ್ತು. ನಡಾವಳಿ ಬರೆಯುವ ಕೆಲಸ ನನ್ನದು.

ನಾನು ಬರೆದ ಮೊದಲ ನಡಾವಳಿ ರೈಲಿನದು. ಮಂಡ್ಯದಲ್ಲಿ ಪಂದ್ಯ ಆಡಿ ಹಿಂದಿರುಗುತ್ತಿದ್ದೆವು. ಕೆಂಗೇರಿಯಲ್ಲಿ ಗಾಡಿ ನಿಂತಾಗ ಸೆಲ್ವರಾಜ್ ನೀರು ಕುಡಿಯಲು ಇಳಿದ. ಅವನು ನಲ್ಲಿಗೆ ಬಾಯಿ ಕೊಟ್ಟಿರುವಾಗಲೇ ಗಾಡಿ ಹೊರಟಿತು. ನಾನು ಕಿಟಕಿಯಿಂದ ಕೂಗಬೇಕು ಎನ್ನುವಷ್ಟರಲ್ಲಿ ಸರಪಣಿ ಎಳೆದದ್ದಾಯಿತು, ಗಾಡಿ ನಿಂತದ್ದಾಯಿತು. ಸೆಲ್ವರಾಜ್ ಕಂಬಿಯ ಪಕ್ಕದಲ್ಲಿ ಬರಿಗಾಲಲ್ಲಿ ಓಡಿ ಬಂದ. ಯಾವ ಪಂದ್ಯದಲ್ಲೂ ಅವನು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ.

ಅವನ ಹಿಂದೆಯೇ ಗಾರ್ಡು ಹತ್ತಿದರು. "ಯಾರ್ರೀ ಚೈನ್ ಎಳೆದೋರು?"

ಹತ್ತು ಕೈ ಮೇಲೆದ್ದವು. ವಿಷಯವೇನೆಂದು ತಿಳಿಯದ ಸೆಲ್ವರಾಜ್ ಕೂಡ ಏದುಸಿರು ಬಿಡುತ್ತಾ ಕೈ ಎತ್ತಿದ.

ವಾರದೊಳಗೆ ಕಾಲೇಜಿಗೆ ದೂರಿನ ಕಾಗದ ಬಂತು. ಸಮಿತಿ ಸೇರಿತು. ಪ್ರಿನ್ಸಿಪಾಲರು ಹನ್ನೊಂದು ಜನರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು: "ಸರಪಣಿ ಒಂದು. ಹಿಡಿ ಒಂದು. ಹಿಡಿಯಲ್ಲಿ ಹೆಚ್ಚೆಂದರೆ ಎರಡು ಕೈ ಹಿಡಿಸುತ್ತವೆ. ಇಪ್ಪತ್ತೆರಡು ಕೈ ಎಲ್ಲಿಂದ ಬಂದವು?"

ಶಿವಲಿಂಗಪ್ಪ ಕೈಕಟ್ಟಿಕೊಂಡು, "ಒಗ್ಗಟ್ಟ್ರೀ ಸರ," ಎಂದ.

ಒಬ್ಬೊಬ್ಬರೂ ಪ್ರತ್ಯೇಕವಾಗಿ ಇಂಗ್ಲಿಷಿನಲ್ಲಿ ಕ್ಷಮಾಪಣೆ ಪತ್ರ ಬರೆದು ತರಬೇಕೆಂದು ತೀರ್ಮಾನವಾಯಿತು. ಮರುದಿನ ಹನ್ನೊಂದು ಪತ್ರ ಬಂದವು. ಎಲ್ಲದರಲ್ಲೂ ಒಂದೇ ಒಕ್ಕಣೆ, ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು. ಪ್ರಿನ್ಸಿಪಾಲರು ಹನ್ನೊಂದನ್ನೂ ಓದಿದರು. ಕೊನೆಯದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. 'ನನ್ನ ಗೆಳೆಯ ಸೆಲ್ವರಾಜ್ ಕೆಳಗೆ ಉಳಿದದ್ದನ್ನು ಕಂಡು, ನಾನು ಡಬ್ಬಿಯ ಒಳಗಿನಿಂದ ಸರಪಣಿ ಎಳೆದೆ' ಎಂದಿತ್ತು. ಕೆಳಗೆ ಸಹಿ: ಸೆಲ್ವರಾಜ್.

"ಪುಟ್ಟಸ್ವಾಮಿಯವರೇ," ಎಂದರು ಪ್ರಿನ್ಸಿಪಾಲರು, "ಒಬ್ಬನೇ ಮನುಷ್ಯ ಏಕಕಾಲಕ್ಕೆ ಎರಡು ಕಡೆ ಇರುವ ತಂಡಕ್ಕೆ ತರ್ಕಶಾಸ್ತ್ರದಲ್ಲಿ ಶಿಕ್ಷೆ ಇಲ್ಲ. ನಿಮ್ಮ ಶಾಸ್ತ್ರದಲ್ಲಿ ಏನಾದರೂ ಇದ್ದರೆ ಕೊಡಿ."

ನನ್ನ ಶಾಸ್ತ್ರದಲ್ಲಿ ಇದ್ದದ್ದು ಒಂದೇ, ಓಟ. ಒಂದು ತಿಂಗಳು ದಿನವೂ ಸಂಜೆ ಹೇರೋಹಳ್ಳಿಯವರೆಗೆ ಓಡಿ ವಾಪಸು ಬರಬೇಕು ಎಂದೆ. ಹುಡುಗರು ಒಂದು ಮಾತೂ ಆಡದೆ ಒಪ್ಪಿದರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ದಿನವೂ ಬೆವರು ಸುರಿಸಿಕೊಂಡು ಬರುತ್ತಿದ್ದರು. ನಾನು ಹೆಮ್ಮೆಯಿಂದ ಗಡಿಯಾರ ನೋಡಿಕೊಳ್ಳುತ್ತಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಂಡಿತು. ಓಡಿ ಓಡಿ ಹುಡುಗರು ದಪ್ಪಗಾಗಿದ್ದರು. ಶಿವಲಿಂಗಪ್ಪನ ನಿಕ್ಕರಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

ಒಂದು ಸಂಜೆ ಸೈಕಲ್ಲು ಹತ್ತಿ ಹಿಂದೆಯೇ ಹೋದೆ. ಹೇರೋಹಳ್ಳಿಯ ಅಂಚಿನಲ್ಲಿ ಮುನಿಯಪ್ಪನ ತಂದೆಯ ಆಲೆಮನೆ ನಡೆಯುತ್ತಿತ್ತು. ನನ್ನ ತಂಡ ಬೇವಿನ ಮರದ ಕೆಳಗೆ ಕೂತು ಚೊಂಬಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿತ್ತು. ಕೆಲವರು ಎಲೆಯಲ್ಲಿ ಬಿಸಿ ಬೆಲ್ಲ ನೆಕ್ಕುತ್ತಿದ್ದರು. ಪಕ್ಕದಲ್ಲಿ ಎತ್ತಿನ ಗಾಡಿ ಹೂಡಿ ಸಿದ್ಧವಾಗಿತ್ತು. ಗಾಡಿಯ ಮೂಲೆಯಲ್ಲಿ ಒಂದು ಬಿಂದಿಗೆ ನೀರು. ಊರು ಹತ್ತಿರವಾದಾಗ ಮೈಗೆ ಚಿಮುಕಿಸಿಕೊಂಡು ಬೆವರು ಬರಿಸಿಕೊಳ್ಳುವುದಕ್ಕೆ.

ನನ್ನನ್ನು ಕಂಡು ಹುಡುಗರು ಕಲ್ಲಾದರು. ಮುನಿಯಪ್ಪನ ತಂದೆ ಮಾತ್ರ ತಲೆಯ ಮೇಲಿನ ವಲ್ಲಿ ತೆಗೆದು ಕೈಮುಗಿದರು. "ಬನ್ನಿ ಸ್ವಾಮಿ, ಕುಂತ್ಕಳಿ. ನಿಮ್ಮ ಕಾಲೇಜ್ನಾಗೆ ದಿನಾ ಹುಡುಗ್ರುನ್ನ ಇಲ್ಲಿಗೆ ಓಡುಸ್ತೀರಂತೆ. ಎಂಥಾ ಒಳ್ಳೆ ಪಾಠ!" ಎಂದು ನನ್ನ ಕೈಗೂ ಒಂದು ಚೊಂಬು ಕೊಟ್ಟರು. ಆ ಮುಗ್ಧ ಮನುಷ್ಯನ ಎದುರು ಬೈಯುವುದು ಹೇಗೆ? ಕುಡಿದೆ. ತುಂಬಾ ಚೆನ್ನಾಗಿತ್ತು. ಸೈಕಲ್ಲನ್ನು ಗಾಡಿಗೆ ಹಾಕಿ ನಾನೂ ಅವರ ಜೊತೆಯಲ್ಲೇ ವಾಪಸು ಬಂದೆ.

ಕಣ್ಣೆದುರಿಗೆ ಇಟ್ಟುಕೊಳ್ಳದೆ ಇವರನ್ನು ಹಿಡಿಯುವುದು ಸಾಧ್ಯವಿಲ್ಲ ಎಂದು ಅಂದು ತೀರ್ಮಾನಿಸಿದೆ. ಓಟ ರದ್ದಾಯಿತು. ದಿನವೂ ಸಂಜೆ ಕಾಲೇಜಿನ ಹಿಂದಿನ ಬಯಲಿನಲ್ಲಿ, ನನ್ನ ಎದುರಿನಲ್ಲೇ ಅಭ್ಯಾಸ. ನನ್ನ ವೃತ್ತಿಯ ಅತಿ ದೊಡ್ಡ ಪ್ರಮಾದ ನಡೆದದ್ದು ಹೀಗೆ ಎಚ್ಚರಿಕೆ ವಹಿಸಿದ್ದರಿಂದಲೇ.

ಮೊದಲ ಸಂಜೆ ಹೋದರೆ ಬಿದಿರಿನ ಗೋಲುಗಂಬಗಳು ಇಲ್ಲ. ಹೊಸ ಮನೆ ಕಟ್ಟಿಸುವವರು ಯಾರೋ ಸಾರುವೆಗೆ ಎತ್ತಿಕೊಂಡು ಹೋಗಿದ್ದರು. ನಾನು ಚೆಂಡಿಗೆ ಗಾಳಿ ತುಂಬುತ್ತಿದ್ದೆ. ಶಿವಲಿಂಗಪ್ಪ ಬಂದು, "ಗೋಲಿಗೆ ಏನ್ ಮಾಡೂಣ್ರೀ ಸರ?" ಎಂದು ಕೇಳಿದ. ತಲೆ ಎತ್ತದೆಯೇ ಹೇಳಿದೆ: "ಸುತ್ತ ಅಷ್ಟೊಂದು ಕಲ್ಲಿವೆಯಲ್ಲೋ. ನಾಲ್ಕು ತಂದು ನಿಲ್ಲಿಸ್ಕೊಳ್ರೋ."

ಯಾವ ಕಲ್ಲು ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಮರುದಿನ ಬಯಲಿನ ಎರಡು ತುದಿಯಲ್ಲಿ ಮೊಳಕಾಲೆತ್ತರದ ನಾಲ್ಕು ಚೌಕ ಕಲ್ಲುಗಳು ನಿಂತಿದ್ದವು. ಮುನಿಯಪ್ಪ ಅವಕ್ಕೆ ಸುಣ್ಣ ಬಳಿದು ಬೆಳ್ಳಗೆ ಮಾಡಿದ್ದ. ತಾನು ಕಾಯುವ ಕಡೆಯ ಕಲ್ಲಿನ ಮೇಲೆ ಇದ್ದಿಲಿನಿಂದ 'ಗೋಲಿ ಮುನಿಯಪ್ಪ' ಎಂದು ಬರೆದುಕೊಂಡಿದ್ದ. "ನೋಡ್ರೋ, ಕೆಲಸ ಅಂದ್ರೆ ಹೀಗಿರಬೇಕು," ಎಂದು ಅವನ ಬೆನ್ನು ತಟ್ಟಿದೆ.

ಒಂದು ತಿಂಗಳಾದ ಮೇಲೆ ಹೊಸ ಬಿದಿರು ಬಂತು. ಕಲ್ಲುಗಳನ್ನು ತಂದಲ್ಲಿಯೇ ಇಟ್ಟುಬಿಡು ಎಂದು ಮುನಿಯಪ್ಪನಿಗೆ ಹೇಳಿದೆ. ಅವನು ಹಾಗೇ ಮಾಡಿದ, ಅಥವಾ ಮಾಡಿದೆ ಎಂದುಕೊಂಡ.

ಅಂತರ ಕಾಲೇಜು ಫೈನಲ್ ಪಂದ್ಯಕ್ಕೆ ಇನ್ನು ಎರಡು ವಾರ ಇದೆ ಎನ್ನುವಾಗ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಒಂದು ದೂರಿನ ಅರ್ಜಿ. ಬರೆದವರು ನಂಜಮ್ಮ ಎನ್ನುವವರು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಗಂಡ ಇಲ್ಲ, ಮಕ್ಕಳಿಲ್ಲ. ಜೀವಮಾನವೆಲ್ಲ ಚಾಮರಾಜಪೇಟೆಯ ವಠಾರದ ಒಂದು ಕೋಣೆಯಲ್ಲಿ ಕಳೆದು, ಈಗ ಇಲ್ಲಿ ಸೈಟು ತೆಗೆದುಕೊಂಡು ಎರಡು ಕೋಣೆಯ ಮನೆ ಕಟ್ಟಿಸಲು ಹೊರಟಿದ್ದರು. ಸೈಟಿನ ಮುಂದಿನ ಎರಡು ಗಡಿಕಲ್ಲು ನೋಡಿ ಮೇಸ್ತ್ರಿ ಅಳತೆ ಹಿಡಿದು ಪಾಯ ಹಾಕಿದ್ದ. ಪಾಯ ಮುಗಿದ ಮೇಲೆ ಸರ್ವೇಯರ್ ಬಂದು ಅಳತೆಯ ಸರಪಣಿ ಹಿಡಿದು ನೋಡಿದರೆ ಪಾಯ ಹನ್ನೆರಡು ಅಡಿ ಮುಂದಕ್ಕೆ, ಬರಲಿರುವ ರಸ್ತೆಯೊಳಗೆ ಕೂತಿತ್ತು. 'ನನ್ನ ಅಡಿಗೆಮನೆ ಪೂರ್ತಿ ಸರ್ಕಾರದ ರಸ್ತೆಯಲ್ಲಿದೆ' ಎಂದು ಆಕೆ ಬರೆದಿದ್ದರು. ಯಾರು ಕಲ್ಲು ಕದಲಿಸಿದ್ದು ಎಂದು ಹುಡುಕಲು ಪತ್ತೇದಾರರೇನೂ ಬೇಕಾಗಿರಲಿಲ್ಲ. ಕಲ್ಲಿಗೆ ಸುಣ್ಣ ಬಳಿದಿತ್ತು. ಸುಣ್ಣದ ಮೇಲೆ ಹೆಸರು ಬರೆದಿತ್ತು.

ಚೆಂಡಿಗೆ ಗಾಳಿ ತುಂಬುತ್ತಾ ನಾನು ಆಡಿದ ಮಾತು ನೆನಪಾಯಿತು. ಆ ವರ್ಷ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮದುವೆಯಾಗಿ ಆರು ತಿಂಗಳಾಗಿತ್ತು.

ಸಮಿತಿ ಸೇರಿತು. ಪ್ರಿನ್ಸಿಪಾಲರು ಮುನಿಯಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡರು. ಅವನ ಹಿಂದೆ ಶಿವಲಿಂಗಪ್ಪ, ಸೆಲ್ವರಾಜ್.

"ಕಲ್ಲು ಕಿತ್ತದ್ದು ನೀನೇ?"

"ಹೌದು ಸಾರ್."

"ವಾಪಸು ಇಟ್ಟದ್ದೂ ನೀನೇ?"

"ಹೌದು ಸಾರ್. ಇದ್ದ ಜಾಗದಲ್ಲೇ ಇಟ್ಟೆ ಸಾರ್. ಗುರುತು ಇಟ್ಕೊಂಡಿದ್ದೆ."

"ಏನು ಗುರುತು?"

"ಅಲ್ಲೊಂದು ಕತ್ತೆ ನಿಂತಿತ್ತು ಸಾರ್."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಂದು ತಿಂಗಳಾದ ಮೇಲೂ ಕತ್ತೆ ಅಲ್ಲೇ ನಿಂತಿತ್ತೋ?"

"ನಿಂತಿತ್ತು ಸಾರ್. ಸ್ವಲ್ಪ ಮುಂದಕ್ಕೆ ಬಂದಿತ್ತು ಅಂತ ಈಗ ಕಾಣುತ್ತೆ."

ಗಣಿತದ ಪ್ರೊಫೆಸರು ನಿದ್ದೆಯಿಂದ ಎಚ್ಚೆತ್ತು ಗಹಗಹಿಸಿ ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ.

"ಕಲ್ಲು ಕೀಳಲು ನಿನಗೆ ಯಾರಾದರೂ ಹೇಳಿದ್ದರೋ?"

ನನ್ನ ಪೆನ್ನು ನಿಂತಿತು. ಮುನಿಯಪ್ಪ ನೆಲ ನೋಡುತ್ತಿದ್ದ. ಸುಳ್ಳು ಹೇಳಲು ಬಾರದ ಹುಡುಗ ಸುಮ್ಮನೆ ನಿಂತುಬಿಟ್ಟ. ಹಿಂದಿನಿಂದ ಶಿವಲಿಂಗಪ್ಪ ಹೇಳಿದ: "ಯಾರೂ ಹೇಳಿಲ್ರೀ ಸರ. ನಾವಽ ಮಾಡಿದ್ದು."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಮನೆಗೆ ಬಂದು ಕೇಳುವ ನೀವು ಈ ಕೆಲಸಕ್ಕೆ ಹೊಸಬರು, ಆದ್ದರಿಂದ ಮುಚ್ಚಿಡದೆ ಹೇಳುತ್ತೇನೆ: ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ನ್ಯಾಯ ಅನ್ಯಾಯ ಏನೂ ಇರಲಿಲ್ಲ. ಬಾಡಿಗೆ ಮನೆಯ ಬಾಗಿಲಲ್ಲಿ ಕಾಯುತ್ತಾ ನಿಂತ ಹೆಂಡತಿಯ ಮುಖ ಇತ್ತು. ಪ್ರಿನ್ಸಿಪಾಲರು ತೀರ್ಪು ಹೇಳಿದರು. ಹೆಸರು ಬರೆದುಕೊಂಡವನದೇ ಹೊಣೆ, ಆದ್ದರಿಂದ ಮುನಿಯಪ್ಪನನ್ನು ಒಂದು ವರ್ಷದ ಮಟ್ಟಿಗೆ ಕಾಲೇಜಿನಿಂದ ಹೊರಗಿಡುವುದು. ನಾನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ. ಮುನಿಯಪ್ಪನ ತಂದೆಯನ್ನು ನಾನು ಬಲ್ಲೆ. ಒಂದು ವರ್ಷ ಮನೆಯಲ್ಲಿ ಉಳಿದ ಮಗನಿಗೆ ನೇಗಿಲು ಸಿಗುತ್ತದೆ, ಮತ್ತೆ ಪುಸ್ತಕ ಸಿಗುವುದಿಲ್ಲ.

ಹೊರಗೆ ಬಂದಾಗ ಮುನಿಯಪ್ಪ ಸಾಮಾನು ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದ. ಗೋಲಿಯ ಜರ್ಸಿಯನ್ನು ಒಗೆದು, ಅಚ್ಚುಕಟ್ಟಾಗಿ ಮಡಿಚಿ ತಂದಿದ್ದ. ನನ್ನ ಕೈಗೆ ಕೊಟ್ಟು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದ: "ನೀವ್ ಹೇಳಿದ್ದು ಅಂತ ಯಾರಿಗೂ ಹೇಳಲ್ಲ ಸಾರ್. ಸೆಲ್ವನ ಬಾಯಿ ಸ್ವಲ್ಪ ಸಡಿಲ ಅಲ್ವಾ, ಅವನ ಹತ್ರ ಆಣೆ ಮಾಡಿಸ್ಕೊಂಡಿದೀನಿ. ನೀವ್ ಯೋಚ್ನೆ ಮಾಡ್ಬೇಡಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನಗೇ ಧೈರ್ಯ ಹೇಳಿ ಹೋದ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ತಿರುಗಿಯೂ ನೋಡದೆ, "ಕೆಲಸ ಹೋದ್ರೆ ಅಪ್ಪನ ಮನೇಲಿ ಎರಡು ತಿಂಗಳು ಇರ್ಬಹುದು. ಈ ಮುಖ ಹೊತ್ಕೊಂಡು ಇಲ್ಲಿ ಎಷ್ಟು ದಿನ ಇರ್ತೀರಿ?" ಎಂದಳು.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರ ಮನೆಗೆ ಹೋದೆ. ಪೇಟ ಇಲ್ಲದ ಅವರನ್ನು ಅದೇ ಮೊದಲು ನೋಡಿದ್ದು. ಪಂಚೆಯುಟ್ಟು ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಚೊಂಬು ಕೆಳಗಿಟ್ಟು ಕೇಳಿದರು: "ನಿನ್ನೆ ನೀವು ಬರೆದ ನಡಾವಳಿಯಲ್ಲಿ ಇದು ಇದೆಯೇ?"

"ಇಲ್ಲ ಸಾರ್."

"ಹಾಗಾದರೆ ಅದು ನಡಾವಳಿಯಲ್ಲ. ಪುಸ್ತಕ ತೆಗೆದುಕೊಂಡು ಹನ್ನೊಂದು ಗಂಟೆಗೆ ಬನ್ನಿ. ಆ ಹೆಂಗಸಿಗೂ ಹೇಳಿಕಳಿಸಿ."

ಹನ್ನೊಂದಕ್ಕೆ ನಂಜಮ್ಮ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಬಿಳಿ ಸೀರೆ, ಕಂಕುಳಲ್ಲಿ ಕೊಡೆ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಪ್ರಿನ್ಸಿಪಾಲರು ಗೌರವದಿಂದ, "ತಾಯಿ, ತಪ್ಪು ಮಾಡಿದ ಹುಡುಗನನ್ನು ಒಂದು ವರ್ಷ ಕಾಲೇಜಿನಿಂದ ಹೊರಗೆ ಹಾಕಿದ್ದೇವೆ," ಎಂದರು.

"ಅವನನ್ನ ಹೊರಗೆ ಹಾಕಿದ್ರೆ ನನ್ನ ಅಡಿಗೆಮನೆ ಒಳಗೆ ಬರುತ್ತಾ?" ಎಂದರು ನಂಜಮ್ಮ.

ತರ್ಕಶಾಸ್ತ್ರದ ಪ್ರಾಧ್ಯಾಪಕರು ಮತ್ತೆ ಕನ್ನಡಕ ತೆಗೆದು ಒರೆಸಿದರು.

"ಕಲ್ಲು ಕಿತ್ತು ಹೊತ್ಕೊಂಡು ಹೋಗೋಕೆ ಬಂತಲ್ಲ ಇವರಿಗೆ? ಪಾಯ ಕಿತ್ತು ಹನ್ನೆರಡು ಅಡಿ ಹಿಂದಕ್ಕೆ ಹಾಕೋಕೆ ಬರಲ್ವಾ? ನನ್ನ ಕೈಯಲ್ಲಿ ಸಾವಿರಾರು ಮಕ್ಕಳು ಹುಟ್ಟಿದಾವೆ ಸ್ವಾಮಿ. ಗಂಡು ಮಕ್ಕಳನ್ನ ಹೊರಗೆ ಹಾಕಿದ್ರೆ ಬೀದಿ ಸುತ್ತುತ್ವೆ. ಕೆಲಸಕ್ಕೆ ಹಾಕಿ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, "ಬರೆದುಕೊಳ್ಳಿ," ಎಂದರು. ನಾನು ಬರೆದೆ: 'ದೈಹಿಕ ಶಿಕ್ಷಣ ಬೋಧಕರು ಕಲ್ಲು ತರುವಂತೆ ಸೂಚಿಸಿದ್ದು ತಿಳಿದುಬಂದಿರುತ್ತದೆ.' ಅವರು ಬಗ್ಗಿ ನೋಡಿ, ಆ ಸಾಲಿನ ಮೇಲೆ ಬೆರಳಿಟ್ಟರು. "ಬೋಧಕರು ಅಂದರೆ ಯಾರು? 'ನಾನು' ಎಂದು ಬರೆಯಿರಿ." ಹೊಡೆದುಹಾಕಿ 'ನಾನು' ಎಂದು ಬರೆದೆ. ಆ ಎರಡಕ್ಷರ ಮಾತ್ರ ದುಂಡಗೆ ಬರಲಿಲ್ಲ.

ತೀರ್ಪು ಹೀಗಾಯಿತು. ಮುನಿಯಪ್ಪನ ಮೇಲಿನ ಶಿಕ್ಷೆ ರದ್ದು. ಹನ್ನೊಂದು ಆಟಗಾರರು ಮತ್ತು ಆಟದ ಮೇಷ್ಟರು, ಒಟ್ಟು ಹನ್ನೆರಡು ಜನ, ಪಾಯವನ್ನು ಸರಿಯಾದ ಜಾಗಕ್ಕೆ ತರಬೇಕು. "ಅಡಿಗೊಬ್ಬರು. ಲೆಕ್ಕ ಸರಿಹೋಯಿತು," ಎಂದರು ಗಣಿತದ ಪ್ರೊಫೆಸರು. ಸಮಿತಿಯಲ್ಲಿ ಅವರು ಎಚ್ಚರವಾಗಿದ್ದು ಆಡಿದ ಮಾತು ಅದೊಂದೇ.

ಅಂದಿನಿಂದ ದಿನವೂ ಸಂಜೆ, ಭಾನುವಾರ ಪೂರ್ತಿ, ನಾವು ಕಲ್ಲು ಹೊತ್ತೆವು. ಮೇಸ್ತ್ರಿ ಗೆರೆ ಎಳೆದು ದಾರ ಕಟ್ಟಿ ಕೊಡುತ್ತಿದ್ದ. ನಂಜಮ್ಮ ಕೊಡೆ ಹಿಡಿದು ಮಣ್ಣಿನ ಗುಡ್ಡೆಯ ಮೇಲೆ ನಿಂತು ಮಾತಿನಲ್ಲಿ ಮೊಳೆ ಹೊಡೆಯುತ್ತಿದ್ದರು. "ಏ ವಿಭೂತಿ, ಬಗ್ಗೋ, ಸೊಂಟ ಮುರಿಯಲ್ಲ! ಸೆಲ್ವಾ, ಆ ಕಲ್ಲಿಗೆ ನಿನ್ನ ಭಾಷಣ ಬೇಡ, ಎತ್ತು! ಮೇಷ್ಟ್ರೇ, ನೀವ್ಯಾಕೆ ಸಣ್ಣ ಕಲ್ಲನ್ನೇ ಹುಡುಕ್ತೀರಿ?" ಐದು ಗಂಟೆಗೆ ಸರಿಯಾಗಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಬರುತ್ತಿತ್ತು. ಯಾರ ಕೈಗಾದರೂ ಗಾಯವಾದರೆ ಅಲ್ಲೇ ಕೂರಿಸಿ ಟಿಂಚರ್ ಹಚ್ಚುತ್ತಿದ್ದರು. ಅದು ಕಲ್ಲು ಬಿದ್ದದ್ದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಹುಡುಗರ ಕಿರುಚಾಟ ಕೇಳಿ ದಾರಿಹೋಕರು ನಿಂತು ನೋಡುತ್ತಿದ್ದರು. ಸೆಲ್ವರಾಜ್ ಒಮ್ಮೆ ಗಾಯ ಮುಚ್ಚಿಟ್ಟುಕೊಂಡಿದ್ದು ಸಿಕ್ಕಿಬಿದ್ದ. "ಹೆರಿಗೆ ನೋವು ನೋಡಿದೀಯೇನೋ ನೀನು?" ಎಂದು ಆಕೆ ಕೇಳಿದ ಮೇಲೆ ತಂಡದಲ್ಲಿ ಯಾರೂ ನೋವಿನ ಮಾತೆತ್ತಲಿಲ್ಲ.

ಎರಡನೇ ವಾರದ ಶನಿವಾರ ಫೈನಲ್ ಪಂದ್ಯ. ಹುಡುಗರ ಭುಜ ಬಾತಿತ್ತು, ಕೈ ಬೊಕ್ಕೆಯೆದ್ದಿತ್ತು. ಸೆಲ್ವರಾಜ್ ಓಡುವಾಗ ಬಂಡಿಯ ಹಾಗೆ ಕಿರುಗುಟ್ಟುತ್ತಿದ್ದ. ಆದರೂ ಆಟ ಸರಿಸಮವಾಗಿಯೇ ನಡೆಯಿತು. ಎರಡು ವಾರ ಸೈಜುಗಲ್ಲು ಹಿಡಿದಿದ್ದ ಮುನಿಯಪ್ಪನಿಗೆ ಚೆಂಡು ಹತ್ತಿಯ ಉಂಡೆಯಂತಿತ್ತು. ಎದುರಾಳಿಗಳು ಹೊಡೆದದ್ದನ್ನೆಲ್ಲ ಹಿಡಿದ. ಮುಗಿಯಲು ಐದು ನಿಮಿಷ ಇದೆ ಎನ್ನುವಾಗ, ಬಂದ ಒಂದು ದೊಡ್ಡ ಹೊಡೆತವನ್ನು ಎದೆಗವಚಿಕೊಂಡು ಹಿಡಿದ. ಜನ ಕೂಗಿದರು. ಅವನು ಆಯಾಸದಿಂದ ಒಂದು ಹೆಜ್ಜೆ ಹಿಂದಿಟ್ಟ. ಆ ಹೆಜ್ಜೆ, ಎದೆಯ ಮೇಲಿನ ಚೆಂಡಿನ ಸಮೇತ, ಗೋಲಿನ ಗೆರೆಯ ಆಚೆಗೆ ಬಿತ್ತು. ನಾವು ಸೋತೆವು, ಆ ಒಂದೇ ಗೋಲಿನಿಂದ.

ಮೈದಾನದ ನಡುವಿನಿಂದ ಸೆಲ್ವರಾಜ್ ನಿಧಾನವಾಗಿ ನಡೆದು ಬಂದು ಅವನ ಮುಂದೆ ನಿಂತ. "ಮಚ್ಚಾ, ಗೆರೆ ಎಲ್ಲಿದೆ ಅಂತ ನೋಡೋದು ನೀನು ಯಾವಾಗ ಕಲೀತೀಯೋ?"

ಮುನಿಯಪ್ಪ ಅಳುತ್ತಿದ್ದವನು ನಕ್ಕುಬಿಟ್ಟ. ಆಮೇಲೆ ಹನ್ನೊಂದು ಜನರೂ ನೆಲಕ್ಕೆ ಕೂತು ನಕ್ಕರು. ಗೆದ್ದವರು ಕಪ್ಪು ಹಿಡಿದುಕೊಂಡು, ಸೋತವರಿಗೆ ಏನಾಯಿತೋ ಎಂದು ನೋಡುತ್ತಾ ನಿಂತಿದ್ದರು.

ಸೋಮವಾರ ಸಂಜೆ ಯಾರೂ ಹೇಳದೆಯೇ ಹನ್ನೊಂದು ಜನವೂ ಪಾಯದ ಹತ್ತಿರ ಬಂದಿದ್ದರು. ಕೆಲಸ ಇನ್ನೂ ಹತ್ತು ದಿನ ಹಿಡಿಯಿತು. ಪಾಯ ಮುಗಿದರೆ ನಮ್ಮ ಶಿಕ್ಷೆ ಮುಗಿಯಿತು. ಆದರೆ ಹುಡುಗರು ಗೋಡೆ ಏಳುವಾಗಲೂ ಇಟ್ಟಿಗೆ ಹೊರಲು ಹೋಗುತ್ತಿದ್ದರು. ಉಪ್ಪಿಟ್ಟಿಗಾಗಿ ಎಂದು ಅವರು ಹೇಳುತ್ತಿದ್ದರು. ನನ್ನ ಕೆಲಸವೂ ಹೋಗಲಿಲ್ಲ. ಸರ್ವೀಸ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಒಂದು ಎಚ್ಚರಿಕೆ ಬಂತು, ಖಾಯಂ ಆಗುವುದು ಒಂದು ವರ್ಷ ತಡವಾಯಿತು, ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ನಂಜಮ್ಮನವರ ಗೃಹಪ್ರವೇಶ. ತಂಡಕ್ಕೆಲ್ಲ ಕರೆ ಬಂದಿತ್ತು. ಪ್ರಿನ್ಸಿಪಾಲರೂ ಬಂದಿದ್ದರು. ಆಕೆ ಮೊದಲು ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಒಲೆಯ ಎದುರಿಗೆ ನಿಲ್ಲಿಸಿದರು. "ಮೇಷ್ಟ್ರೇ, ಚೆನ್ನಾಗಿ ನೋಡ್ಕೊಳ್ಳಿ. ಇದು ಅಡಿಗೆಮನೆ. ಆಚೆ ಕಾಣೋದು ರಸ್ತೆ."

ಪುರೋಹಿತರು ಹಸುವನ್ನು ಮನೆಯೊಳಗೆ ಕರೆತರಲು ಹೇಳಿದರು. ಹಸು ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಿತು. ಹುಲ್ಲು ತೋರಿಸಿದರು, ಬೆಲ್ಲ ತೋರಿಸಿದರು, ಜಗ್ಗಲಿಲ್ಲ. ಮುಹೂರ್ತ ಮೀರುತ್ತದೆಂದು ಪುರೋಹಿತರು ಕೂಗಾಡಿದರು. ಯಾವತ್ತೂ ಹೆದರದ ನಂಜಮ್ಮನ ಮುಖ ಸಣ್ಣಗಾಯಿತು. ಮೂವತ್ತು ವರ್ಷ ವಠಾರದಲ್ಲಿ ಕಾದಿದ್ದ ಹೆಂಗಸು. ನಾನು ನೋಡುತ್ತಿದ್ದಂತೆ ಸೆಲ್ವರಾಜ್ ಹಗ್ಗ ಹಿಡಿದು ಒಳಗೆ ನಿಂತ. ಶಿವಲಿಂಗಪ್ಪ ಅದರ ಕಿವಿಯಲ್ಲಿ ಏನೋ ಹೇಳತೊಡಗಿದ. ಮುನಿಯಪ್ಪ ಪಂಚೆ ಎತ್ತಿ ಕಟ್ಟಿ ಅದರ ಹಿಂಭಾಗಕ್ಕೆ ಭುಜ ಕೊಟ್ಟ. ಉಳಿದ ಎಂಟು ಜನ ಅಕ್ಕಪಕ್ಕದಲ್ಲಿ ಸಾಲು ನಿಂತರು. "ಐಸಾ!" ಎಂದರು. ಹಸು ಒಮ್ಮೆ ತಲೆ ಕೊಡವಿ, ಎರಡು ಬಾಗಿಲುವಾಡಗಳ ನಡುವೆ ನೇರವಾಗಿ, ಮುನಿಯಪ್ಪನ ಸಮೇತ ಒಳಗೆ ನುಗ್ಗಿತು.

"ಗೋಲ್!" ಎಂದು ಹಿಂದಿನಿಂದ ಯಾರೋ ಗಂಟಲು ಹರಿಯುವಂತೆ ಕೂಗಿದರು.

ಎಲ್ಲರೂ ತಿರುಗಿ ನೋಡಿದೆವು. ಪ್ರಿನ್ಸಿಪಾಲ್ ನರಸಿಂಹಮೂರ್ತಿಗಳು ಕೊಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು.